ವಿಷಯ: ಬದುಕಿರುವ ಬಗ್ಗೆ

ನವೆಂಬರ್ ಬಂತೆಂದರೆ ಬಿ.ಎಚ್. ರಸ್ತೆಯ ನಮ್ಮ ಶಾಖೆಗೆ
ಬದುಕಿದ್ದೇವೆಂದು ಹೇಳಿಹೋಗಲು ಜನ ಬರುತ್ತಾರೆ:
ಮೇಷ್ಟ್ರು, ರೈಲ್ವೆ ಗಾರ್ಡು, ಪೋಸ್ಟ್‌ಮಾಸ್ಟರನ ವಿಧವೆ,
ಕೈಯಲ್ಲಿ ಪಾಸ್‌ಬುಕ್ಕು, ಅದಕ್ಕೊಂದು ರಬ್ಬರ್ ಬ್ಯಾಂಡು.
ಮೂರನೆಯ ಕೌಂಟರಿನಲ್ಲಿ ನಾನು,
ನನ್ನ ಮುಂದೆ ಕೆಂಪು ಕಣ್ಣಿನ ಪುಟ್ಟ ಯಂತ್ರ.
ಹೆಬ್ಬೆಟ್ಟು ಇಟ್ಟರೆ ಹೇಳುತ್ತದೆ: ಇದ್ದಾರೆ.
ಅಥವಾ, ಇಲ್ಲ.

ಟೋಕನ್ ನಲವತ್ತೇಳು. ಎಚ್. ಟಿ. ವಾರಿಜಾಕ್ಷಿ.
ಹತ್ತಿ ಸೀರೆ, ಗಂಡಸರ ಕೈಗಡಿಯಾರ,
ಮಳೆಯಿಲ್ಲದಿದ್ದರೂ ಕೊಡೆ.
ಕೊನೆಯ ಹುದ್ದೆ ಎಂಬಲ್ಲಿ: ರಾಯಭಾರಿ.
ಕನ್ನಡಕ ಒರೆಸಿ ಇನ್ನೊಮ್ಮೆ ಓದಿದೆ.
ಗಂಡನ ಹೆಸರು ಎಂಬಲ್ಲಿ ಒಂದು ಅಡ್ಡಗೆರೆ,
ಸ್ಕೇಲಿಟ್ಟು ಎಳೆದಷ್ಟು ನೆಟ್ಟಗೆ.

ಯಂತ್ರ ಇಲ್ಲ ಎಂದಿತು.
ತೋರುಬೆರಳು, ಇಲ್ಲ. ಎಡಗೈ, ಇಲ್ಲ.
ಸಾಲಿನಲ್ಲಿ ಯಾರೋ, ತಲೆಗೆ ಉಜ್ಕೊಳ್ಳಿ, ಎಣ್ಣೆ ಹಿಡಿದ್ರೆ ಬರುತ್ತೆ, ಅಂದರು.
ಎರಡು ದೇಶಗಳ ಜಗಳದ ನಡುವೆ ಕೂತು ಎದ್ದುಬಂದವರು
ಮರುಮಾತಾಡದೆ ತಲೆಗೆ ಉಜ್ಜಿಕೊಂಡರು.
ಇಲ್ಲ.

ಅಷ್ಟರಲ್ಲಿ ಸರ್ವರ್ ಮಲಗಿತು.

ಮಾತು ಅವರೇ ತೆಗೆದದ್ದು.
ದುರ್ಗಿಗುಡಿಯಲ್ಲಿ ಅಪ್ಪನ ಟೈಪಿಂಗ್ ಶಾಲೆ, ಹತ್ತು ಯಂತ್ರ,
ಹತ್ತನೆಯದರಲ್ಲಿ 'ಇ' ಮುರಿದಿತ್ತು, ಅದು ನನ್ನ ಪಾಲಿಗೆ.
ದೆಹಲಿಗೆ ಅರ್ಜಿ ಹೊಡೆದದ್ದು ಅದರಲ್ಲೇ,
ಬಿಟ್ಟುಹೋದ ಅಕ್ಷರಕ್ಕೆಲ್ಲ ಮಸಿಯಲ್ಲಿ ಕೈ ತುಂಬಿ.
ಸೇರಿದ ದಿನ ಒಂದು ಮುಚ್ಚಳಿಕೆ ಬರೆಸಿಕೊಂಡರು,
ಮದುವೆಯಾದರೆ ಕೆಲಸ ಬಿಡಬೇಕಾದೀತು ಎಂದು.
ಜೊತೆಗಿದ್ದ ಹುಡುಗರ ಮುಂದೆ ಆ ಕಾಗದ ಇರಲಿಲ್ಲ.

ಯಾರಾದರೂ ಇದ್ದರಾ ಮೇಡಂ?
ಕೇಳಬಹುದಿತ್ತು. ಕೇಳಲಿಲ್ಲ.
ಕೈಗಡಿಯಾರಕ್ಕೆ ಅವರು ಕೀ ಕೊಟ್ಟರು, ಮೂರೇ ಸುತ್ತು.

ಕೊಲ್ಲಿಯ ಯಾವುದೋ ಬಂದರು, ಊರ ಹೆಸರು ನುಂಗಿಕೊಂಡರು.
ಆಗಿನ್ನೂ ಸಣ್ಣ ಕುರ್ಚಿ.
ರಾತ್ರಿ ಗೇಟಿನಾಚೆ ಇನ್ನೂರು ಜನ,
ಪಾಸ್‌ಪೋರ್ಟುಗಳು ಮಾಲೀಕನ ಬೀರುವಿನೊಳಗೆ.
ಊರಿಗೆ ಕಳಿಸಬೇಕೆಂದರೆ ಹೆಬ್ಬೆಟ್ಟು ಬೇಕು,
ಗಾರೆ ಕಲಸಿ ಕಲಸಿ ಸವೆದ ಬೆರಳು,
ಮಸಿ ಹಚ್ಚಿ ಒತ್ತಿದರೆ ಕಾಗದದ ಮೇಲೆ
ಬರೀ ಕಪ್ಪು, ಗೆರೆಯೇ ಇಲ್ಲ.
ಅವರಲ್ಲೊಬ್ಬ ಸೊರಬದ ಕಡೆಯವನು, ಹಾಲೇಶಿ.
ನನ್ನ ಕನ್ನಡ ಕಿವಿಗೆ ಬಿದ್ದದ್ದೇ ಅಳು.
ನಾನು ನಾನೇ ಅಂತ ಬರ್ಕಳಿ ಅಕ್ಕಾ, ಅಂದ.
ಬರೆದುಕೊಂಡೆ.
ಇನ್ನೂರು ಸಲ.

ಯಾವ ನಿಯಮದ ಕೆಳಗೆ, ಎಂದು ಮೇಲಿನವರು ಕೇಳಿದರು.
ಉತ್ತರ ನಾನೇ ಟೈಪು ಮಾಡಿದೆ, ಎರಡು ಸಾಲು.
ಬಡ್ತಿ ನಾಲ್ಕು ವರ್ಷ ತಡವಾಯಿತು.
(ಆ ಎರಡು ಸಾಲು ಯಾವುವೆಂದು ಹೇಳಲೇ ಇಲ್ಲ.)
ಆಮೇಲಿನದು, ಬಾವುಟ ಕಟ್ಟಿದ ಕಾರು,
ದೊರೆಗೆ ಬೆನ್ನು ತೋರದೆ ಹಿಂದೆ ಸರಿಯುವುದು, ಉದ್ದುದ್ದ ಮೇಜು,
ಎಲ್ಲ ಒಂದೇ ಉಸಿರಿಗೆ,
ಆಯನೂರು ಕುಂಸಿ ಆನಂದಪುರ
ಎಂದು ಸಾಗರದ ಬಸ್ಸಿನ ಕಂಡಕ್ಟರ್ ಕೂಗಿದ ಹಾಗೆ.

ಸರ್ವರ್ ಎದ್ದಿತು.
ಇಲ್ಲ ಎಂದಿತು.

ಕೆಳಗಿನ ಡ್ರಾಯರಿನಲ್ಲಿ ಹಳೆಯ ಫಾರಮು ಒಂದಿತ್ತು,
'ನನ್ನ ಸಮ್ಮುಖದಲ್ಲಿ ಹಾಜರಾಗಿ' ಎಂದು ಶುರುವಾಗುವಂಥದ್ದು.
ಅದಕ್ಕೆ ರುಜು ಹಾಕುವ ಅಧಿಕಾರ ನನಗಿಲ್ಲ,
ಮ್ಯಾನೇಜರು ಊಟಕ್ಕೆ ಹೋಗಿದ್ದಾರೆ.
ಕಾಯುವುದು ನನಗೆ ಬರುತ್ತದೆ, ಎಂದು
ಬೆಂಚಿನ ತುದಿಯಲ್ಲಿ ಕೂತರು, ಮೊಣಕಾಲಿಗೆ ಕೊಡೆ ಆನಿಸಿ.

ಪಕ್ಕದಲ್ಲಿ ಟೋಕನ್ ನಲವತ್ತೆಂಟು, ದ್ಯಾವಮ್ಮ,
ಮೂವತ್ತು ವರ್ಷ ಇದೇ ರಸ್ತೆ ಗುಡಿಸಿದವಳು,
ಫಾರಮನ್ನು ತಿರುಗಿಸಿ ಮುರುಗಿಸಿ
ಕೊನೆಗೆ ಅವರ ಮಡಿಲಿಗೇ ಇಟ್ಟಳು.
ವಾರಿಜಾಕ್ಷಿ ಪೆನ್ನಿನ ಮುಚ್ಚಳ ತೆಗೆದರು.
ಹೆಸರು? ಹುಟ್ಟಿದ್ದು? ಗಂಡನ ಹೆಸರು?
ಅದನ್ನ ಬಾಯಲ್ಲಿ ಹೇಳಬಾರದಲ್ರೀ, ಎಂದು ದ್ಯಾವಮ್ಮ ನಕ್ಕಳು.
ಸರಿ, ಎಂದರು ಇವರು.
ಅಲ್ಲಿ ಗೆರೆ ಎಳೆಯಲಿಲ್ಲ, ಜಾಗ ಬಿಟ್ಟು
ಮುಂದಿನ ಸಾಲಿಗೆ ಹೋದರು.